ಅಮ್ಮ ಕೂಗಿದ ‘ಬಿಡು’

ಆಲ್ಕೊಳ ಸರ್ಕಲ್ ಬಳಿ ಅಮ್ಮನ ಚೀಲದಲ್ಲಿದ್ದ ಕೊತ್ತಂಬರಿ ಸೊಪ್ಪಿಗೆ ಬೀದಿ ಹಸುವೊಂದು ಬಾಯಿ ಹಾಕಿತು. “ಬಿಡು, ಬಿಡು!” ಎಂದು ಅಮ್ಮ ತನ್ನ ಗಂಡುದನಿಯಲ್ಲಿ ಅಬ್ಬರಿಸಿದಳು. ಪಕ್ಕದಲ್ಲಿ ಟೀ ಕುಡಿಯುತ್ತಿದ್ದ ನರೆಗೂದಲಿನವರೊಬ್ಬರು ಬೆಚ್ಚಿಬಿದ್ದು, ನಿಮ್ಮೂರು ಯಾವುದೆಂದು ಕೇಳಿದರು. ಭದ್ರಾವತಿ ಹತ್ತಿರದ ನಮ್ಮ ಹಳ್ಳಿಯ ಹೆಸರು ಹೇಳಿದ್ದೇ ತಡ, ಹಣೆ ಬಡಿದುಕೊಂಡರು.

ನಮ್ಮೂರ ಫುಟ್‌ಬಾಲ್ ಕ್ಲಬ್ ಇಷ್ಟು ವರ್ಷಗಳಲ್ಲಿ ಗೆದ್ದಿರುವುದು ಒಂದೇ ಕಪ್. ಆ ಫೈನಲ್‌ನಲ್ಲಿ ಎದುರಾಳಿ ನ್ಯೂ ಟೌನ್ ತಂಡದ ಗೋಲ್‌ಕೀಪರ್ ಇವರೇ!

“ಬಾಲ್ ಕೈಗೇ ಬರ್ತಿತ್ತಮ್ಮ. ಯಾರೋ ‘ಬಿಡು’ ಅಂದ್ರು. ನಮ್ಮ ಬ್ಯಾಕ್ ಆಡೋನೇ, ತಾನು ಹೊಡೀತೀನಿ ಅಂತ ಕೂಗಿದ ಅಂದ್ಕೊಂಡು ಬಿಟ್ಟೆ, ಗೋಲ್ ಆಗೋಯ್ತು! ಅವನು ಕೂಗೇ ಇಲ್ಲ ಅಂತಾನೆ. ಇವತ್ತಿಗೂ ನಮ್ಮಿಬ್ಬರಿಗೆ ಅದೇ ಜಗಳ.”

ಅಮ್ಮ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಅಯ್ಯೋ, ನಿಮಗೆ ಹೇಳಿದ್ದಲ್ಲ ಕಣ್ರೀ! ಗೋಲ್ ಹಿಂದೆ ಕೂತಿದ್ದೆ, ನಮ್ಮನೆ ನಾಯಿ ನನ್ನ ಚಪ್ಪಲಿ ಕಚ್ಕೊಂಡಿತ್ತು.”

ಅವರು ಅಲ್ಲೇ ಫೋನ್ ತೆಗೆದು ಬ್ಯಾಕ್ ಆಡಿದ್ದ ಆ ಗೆಳೆಯನಿಗೆ, “ಮಾರಾಯ, ಕೂಗಿದ್ದು ನೀನಲ್ಲ ಕಣೋ!” ಎಂದರು.

ಕ್ಲಬ್ಬಿನ ಗೋಡೆಯ ಮೇಲೆ ಆ ಕಪ್ ಗೆದ್ದ ಹನ್ನೊಂದು ಜನರ ಫೋಟೊ ಇದೆ. ಈಗ ಅದನ್ನು ನೋಡಿದಾಗಲೆಲ್ಲ, ಮುಂದಿನ ಸಾಲಿನಲ್ಲಿ ಅಮ್ಮನೂ, ಚಪ್ಪಲಿ ಕಚ್ಚಿಕೊಂಡ ನಮ್ಮ ನಾಯಿಯೂ ಇರಬೇಕಿತ್ತು ಅನಿಸುತ್ತದೆ.