ಐದು ಬಾಕ್ಸು, ಒಂದು ಕಿವಿ

ಕಾಸಿಮಚಾಚಾನ ಎಡಗಿವಿ ಹೋದದ್ದು ಹೋದ ವರ್ಷ ಮೊಹರಮ್ ಮುಗಿದ ಮರುದಿನ. ಬೆಳಿಗ್ಗೆ ಎದ್ದಾಗ ಕಿವಿಯಲ್ಲಿ ನೀರು ಹೊಕ್ಕಂತಾಯಿತಂತೆ, ಮಧ್ಯಾಹ್ನದ ಹೊತ್ತಿಗೆ ಆ ಕಡೆ ಪೂರಾ ಬಂದ್. ಊರಲ್ಲಿ ಸುದ್ದಿಯಾದೀತೆಂದು ಸೊಲ್ಲಾಪುರಕ್ಕೆ ಹೋಗಿ ತೋರಿಸಿದ. ಮೂರು ತಿಂಗಳು ಗುಳಿಗೆ ನುಂಗಿದ ಮೇಲೆ ಡಾಕ್ಟರು, ಉಳಿದದ್ದನ್ನಾದರೂ ಜೋಪಾನ ಮಾಡಿಕೊಳ್ಳಿ ಎಂದು ಕೈತೊಳೆದುಕೊಂಡರು. ಹೆಂಡತಿ ಶಹಜಾದಿಯನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ದಿನವಿಡೀ ಕೂಡುವ ನನಗೂ ಗೊತ್ತಿರಲಿಲ್ಲ. ನನಗೆ ತಿಳಿದದ್ದು ತಿಕೋಟಾದಲ್ಲಿ, ಮಂದಿಯ ಎದುರಿಗೆ. ತಿಳಿದ ಮೇಲೆ ನಾನು ಏನು ಮಾಡಿದೆ ಎಂಬುದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೇಳಿದರೆ ಹಗುರಾಗುತ್ತದೆ ಎಂಬ ಆಸೆಯೇನೂ ಇಲ್ಲ.

ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಅವನಿಗೆ ಅನ್ನ ಹಾಕಿದ್ದೇ ಕಿವಿ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ವಿಜಯಪುರದ ಸ್ಟೇಷನ್ ರಸ್ತೆಯ ಒಂದೇ ಅಂಗಡಿಯಲ್ಲಿ ಮೂವತ್ತೈದು ವರ್ಷ ಟೇಪು, ಆಂಪ್ಲಿಫೈಯರು, ಡೆಕ್ಕು, ಆಮೇಲೆ ಹೋಮ್ ಥಿಯೇಟರು ಎಂದು ಕಾಲ ತಂದದ್ದನ್ನೆಲ್ಲ ಬಿಚ್ಚಿ ಕಟ್ಟಿದವನು. ಮೀಟರ್ ಹಚ್ಚುವ ಮೊದಲೇ "ಇದರ ಕೋನ್ ಹರದೈತಿ" ಅನ್ನುತ್ತಿದ್ದ. ಬಿಚ್ಚಿದರೆ ಸ್ಪೀಕರಿನೊಳಗಿನ ಆ ಕಾಗದ ಹರಿದೇ ಇರುತ್ತಿತ್ತು. ಕೆಲಸ ಮುಗಿದ ಮೇಲೆ ಅವನದೊಂದು ಪದ್ಧತಿ. ಮನೆಯ ಯಜಮಾನನನ್ನು ನಡುವಿನ ಕುರ್ಚಿಯಲ್ಲಿ ಕೂಡಿಸಿ, ತಾನು ಕುರ್ಚಿಯ ಹಿಂದೆ ಕಣ್ಣು ಮುಚ್ಚಿ ನಿಂತು, ಸ್ಪೀಕರಿನ ಒಂದೊಂದು ಬಾಕ್ಸು ಸದ್ದು ಮಾಡಿದ ಹಾಗೆ ಆ ದಿಕ್ಕಿಗೆ ಕೈ ಎತ್ತುತ್ತಿದ್ದ. ಕೈ ತಪ್ಪಿದ್ದನ್ನು ಯಾರೂ ನೋಡಿರಲಿಲ್ಲ. ಜನ ಅವನನ್ನು ಕರೆಸುತ್ತಿದ್ದದ್ದು ಅರ್ಧ ರಿಪೇರಿಗೆ, ಅರ್ಧ ಇದನ್ನು ನೋಡಲಿಕ್ಕೆ.

ಒಂದೇ ಕಿವಿ ಉಳಿದವನಿಗೆ ಸದ್ದು ಚೆನ್ನಾಗಿಯೇ ಕೇಳುತ್ತದೆ, ಎಲ್ಲಿಂದ ಬಂತು ಎಂಬುದು ಮಾತ್ರ ತಿಳಿಯುವುದಿಲ್ಲ. ಆದರೂ ಒಂದು ವರ್ಷ ಅವನು ಕೈ ಎತ್ತಿದ. ಎಲ್ಲ ಬಾಕ್ಸುಗಳ ವೈರು ಬಂದು ಸೇರುವ ರಿಸೀವರ್ ಎಂಬ ಯಂತ್ರವಿದೆಯಲ್ಲ, ಅದರಲ್ಲೇ ಪರೀಕ್ಷೆಯ ಗುಂಡಿಯೊಂದಿರುತ್ತದೆ. ಒತ್ತಿದರೆ ಶ್ಶ್ ಎನ್ನುವ ಸದ್ದು ಕೋಣೆಯನ್ನು ಒಂದು ಸುತ್ತು ಹಾಕುತ್ತದೆ: ಮುಂದಿನ ಎಡ, ನಡು, ಮುಂದಿನ ಬಲ, ಹಿಂದಿನ ಬಲ, ಹಿಂದಿನ ಎಡ. ಆ ಸುತ್ತು ಚಾಚಾನಿಗೆ ಬಾಯಿಪಾಠ. ಅವನು ಕೇಳುತ್ತಿರಲಿಲ್ಲ, ಎಣಿಸುತ್ತಿದ್ದ.

ಇನ್ನು ನಾನು. ಹೆಸರು ಮಾಳು, ಊರು ಕನಮಡಿ. ಚಾಚಾನ ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಹಾಕಿ ಹನ್ನೆರಡು ವರ್ಷ. ಸಿನಿಮಾ ನೋಡಲಿಕ್ಕೆ ಜನ ಟಿವಿಗೆ ಕಂಪ್ಯೂಟರು ಜೋಡಿಸತೊಡಗಿದ ಮೇಲೆ ಇಬ್ಬರೂ ಕೂಡಿ ಹೋಗುತ್ತಿದ್ದೆವು. ಕಂಪ್ಯೂಟರು ನನ್ನದು, ಸದ್ದು ಅವನದು, ಹೆಸರು ಪೂರಾ ಅವನದು. ಚಹಾದ ಕಪ್ಪು ಮೊದಲು ಅವನ ಕೈಗೆ ಹೋಗುತ್ತಿತ್ತು. ನಲವತ್ತೊಂದು ವರ್ಷದ, ಎರಡು ಮಕ್ಕಳ ತಂದೆಯಾದ ನನ್ನನ್ನು "ಕಾಸಿಮಸಾಬ್ರ ಜೋಡಿ ಬಂದಾಂವ" ಎಂದು ತೋರಿಸುತ್ತಿದ್ದರು. ಚಾಚಾ ನನಗೆ ಒಂದು ದಿನವೂ ಕೆಟ್ಟದ್ದು ಮಾಡಿದವನಲ್ಲ. ಆದರೂ ನನ್ನ ಹೊಟ್ಟೆ ಉರಿಯುತ್ತಿತ್ತು.

ತಿಕೋಟಾದ ಶಿವಯೋಗೆಪ್ಪ ಸಾವಕಾರ ಮಣೂಕದ ದೊಡ್ಡ ವ್ಯಾಪಾರಿ. ಅವನ ಕೋಲ್ಡ್ ಸ್ಟೋರೇಜಿನಲ್ಲಿ ಅರ್ಧ ತಾಲ್ಲೂಕಿನ ಒಣದ್ರಾಕ್ಷಿ ಕೂತಿರುತ್ತದೆ. ಮನೆಯ ಮಾಳಿಗೆಯಲ್ಲಿ ಸಿನಿಮಾಕ್ಕೆಂದೇ ಒಂದು ಕೋಣೆ ಕಟ್ಟಿಸಿ, ಐದು ಬಾಕ್ಸು, ದಪ್ಪ ಸದ್ದಿಗೆಂದು ಒಂದು ಬೇಸು, ದೊಡ್ಡ ಕಂಪ್ಯೂಟರು ಎಲ್ಲ ತಂದಿಟ್ಟಿದ್ದ. ಎರಡು ತಿಂಗಳಿಂದ ಮುಂದಿನ ಎರಡು ಬಾಕ್ಸು ಬಿಟ್ಟು ಉಳಿದವು ಸುಮ್ಮನಿದ್ದವು. ಬಂದವರೆಲ್ಲ ಬಾಕ್ಸು ಕೆಟ್ಟಿದೆ ಎಂದು ಎರಡು ಸಲ ಬದಲಾಯಿಸಿದ್ದರು. ಅವನ ಬೀಗರು ಬಬಲೇಶ್ವರದಲ್ಲಿ ಮದುವೆಗಳಿಗೆಂದು ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದರು. ಅಲ್ಲಿನ ಸೌಂಡಿನ ಕೆಲಸ ಯಾರಿಗೆ ಎಂದು ಹೇಳಬೇಕಾದವನು ಇದೇ ಸಾವಕಾರ.

"ಬಬಲೇಶ್ವರದ್ದೊಂದು ಆತಂದ್ರ ಸಾಕಲೇ ಮಾಳು," ಎಂದ ಚಾಚಾ, ಸಾವಕಾರ ಹೇಳಿಕಳಿಸಿದ ದಿನ ನನ್ನ ಬೈಕಿನ ಹಿಂದೆ ಕೂತು ಹೋಗುವಾಗ. "ಅದೊಂದು ಮಾಡಿ, ಹೆಸರು ಇದ್ದಾಗ ಅಂಗಡಿ ಮುಚ್ಚತೇನಿ."

ಇನ್ನೂ ಗಟ್ಟಿಮುಟ್ಟಾಗಿದ್ದವನು ಮುಚ್ಚುವ ಮಾತೇಕೆ ಆಡುತ್ತಾನೆ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಸಾವಕಾರ ನಾಲ್ಕಾರು ವ್ಯಾಪಾರಿಗಳನ್ನು ಊಟಕ್ಕೆ ಕರೆದಿದ್ದ. ಉಂಡು ತೇಗುತ್ತ ಅವರೂ ಮಾಳಿಗೆಗೆ ಬಂದು ಸೋಫಾಗಳಲ್ಲಿ ಕೂತರು. ಚಾಚಾ ರಿಸೀವರಿನ ಗುಂಡಿ ಒತ್ತಿದ. ಐದೂ ಬಾಕ್ಸುಗಳ ಮುಂದೆ ಹೋಗಿ ಅಂಗೈ ಹಿಡಿದು ನೋಡಿದ.

"ಸಾವ್ಕಾರ್ರ, ಬಾಕ್ಸ್ ಎಲ್ಲಾ ಚಲೋ ಅದಾವ್ರಿ. ರೋಗ ಅದಕ್ಕಿಂತ ಮೊದಲ ಎಲ್ಲ್ಯೋ ಐತಿ."

ಅಂದರೆ ಕಂಪ್ಯೂಟರಿನಲ್ಲಿ, ಅಂದರೆ ನನ್ನ ಪಾಲಿಗೆ. ತೆರೆದು ನೋಡಿದೆ. ಸದ್ದಿನ ಪುಟದಲ್ಲಿ ಎರಡೇ ಬಾಕ್ಸಿನ ಚಿತ್ರ. ಐದರದ್ದನ್ನು ಆರಿಸೋಣವೆಂದರೆ ಆ ಸಾಲೇ ಇಲ್ಲ. ಸದ್ದು ನಡೆಸುವ ಡ್ರೈವರ್ ಪ್ರೋಗ್ರಾಮು ತೆಗೆದೆ, ಹೊಸದು ಹಾಕಿದೆ, ಕಂಪ್ಯೂಟರು ಮುಚ್ಚಿ ತೆರೆದೆ. ಮುಕ್ಕಾಲು ತಾಸು ಬೆವರು ಸುರಿಸಿದರೂ ಎರಡು ಎರಡೇ. ಚಾಚಾ ಅಷ್ಟರಲ್ಲಿ ನೆಲಕ್ಕೆ ಕೂತು, ಕಂಪ್ಯೂಟರಿನ ಬೆನ್ನಿಂದ ಹೊರಟ ಕೇಬಲನ್ನು ಬೆರಳಲ್ಲಿ ಹಿಡಿದುಕೊಂಡು ಹಿಂಬಾಲಿಸಿದ. ಅದು ಟಿವಿಗೆ ಹೋಗಿತ್ತು. ಟಿವಿಯಿಂದ ಬೇರೊಂದು ತೆಳ್ಳನೆಯ ವೈರು ರಿಸೀವರಿಗೆ ಬಂದಿತ್ತು.

"ಇಲ್ಲಿ ನೋಡಲೇ. ಸದ್ದು ಟಿವಿ ಮನಿಗೆ ಹೋಗಿ ಬರಾಕತ್ತೈತಿ. ಈ ಟಿವಿಗೆ ಎರಡ ಗೊತ್ತು. ಐದು ಕೊಟ್ರೂ ಎರಡ ಹೊಳ್ಳಿ ಕೊಡತೈತಿ."

ಕೇಬಲನ್ನು ಟಿವಿಯಿಂದ ಕಿತ್ತು ನೇರ ರಿಸೀವರಿಗೆ ಚುಚ್ಚಿದ, ಅಲ್ಲಿಂದ ಟಿವಿಗೆ ಬೇರೆ ಕೇಬಲ್ ಕೊಟ್ಟ. ನನ್ನ ಪರದೆಯ ಮೇಲೆ ಐದು ಬಾಕ್ಸಿನ ಚಿತ್ರ ತಾನಾಗಿ ಬಂತು. ವ್ಯಾಪಾರಿಗಳು ವ್ಹಾ ಎಂದರು. ಕಂಪ್ಯೂಟರಿನ ಮುಂದೆ ಕೂತ ನನ್ನ ಕಡೆಗೆ ಒಬ್ಬನೂ ನೋಡಲಿಲ್ಲ.

"ಈಗ ನಿಮ್ಮ ಕೈ ಎತ್ತೂದು ತೋರಸ್ರಿ ಕಾಸಿಮಸಾಬ್ರ," ಎಂದ ಸಾವಕಾರ. ಚಾಚಾ ರಿಸೀವರಿನ ರಿಮೋಟಿಗೆ ಕೈ ಹಾಕಿದ. ಸಾವಕಾರ ತಡೆದ: "ಅದು ಆಗಲೇ ಆತಲ್ರಿ. ಕೆಟ್ಟಿದ್ದು ಕಂಪ್ಯೂಟರಿನ ಸದ್ದು. ಕಂಪ್ಯೂಟರಿಂದನ ಹಚ್ಚಸ್ರಿ."

ಮಾತು ಸರಿಯೇ ಇತ್ತು. ಚಾಚಾ ರಿಮೋಟು ಕೆಳಗಿಟ್ಟು, "ಯಾವದಾದ್ರೇನ್ರಿ," ಎಂದು ಸಾವಕಾರ ಕೂತ ಕುರ್ಚಿಯ ಹಿಂದೆ ನಿಂತು ಕಣ್ಣು ಮುಚ್ಚಿದ. ನಾನು ಟೆಸ್ಟ್ ಒತ್ತಿದೆ.

ಕಂಪ್ಯೂಟರು ರಿಸೀವರಿನ ಹಾಗೆ ಸುತ್ತು ಹಾಕುವುದಿಲ್ಲ. ಮೊದಲು ಮುಂದಿನ ಎಡ, ಆಮೇಲೆ ಒಮ್ಮೆಲೇ ಮುಂದಿನ ಬಲ, ಆಮೇಲೆ ನಡು. ಮೊದಲನೆಯದಕ್ಕೆ ಚಾಚಾನ ಎಡಗೈ ಸರಿಯಾಗಿ ಎದ್ದಿತು. ಎರಡನೆಯ ಸದ್ದು ಬಲಕ್ಕೆ ಬಂತು, ಅವನ ಕೈ ನಟ್ಟನಡುವೆ ತೋರಿಸಿತು. ಮೂರನೆಯದು ನಡುವೆ ಬಂತು, ಕೈ ಬಲಕ್ಕೆ ಹೋಯಿತು.

ಸಾವಕಾರನ ಹೆಂಡತಿ ರಾಜೇಶ್ವರಿ ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದಳು. "ಅಲ್ರಿ, ಅದು ನಡುವ ಬಂತಲ್ರಿ?" ಎಂದಳು, ಪಾಪ, ಏನೂ ತಿಳಿಯದೆ.

ನಾಲ್ಕನೆಯದು ಬೇಸು. ನೆಲ ನಡುಗಿಸಿತು. ಚಾಚಾನ ಬಾಯಿಪಾಠದಲ್ಲಿ ಆ ಜಾಗದಲ್ಲಿ ಬೇಸ್ ಇರಲಿಲ್ಲ. ಎತ್ತಿದ ಕೈ ಅರ್ಧಕ್ಕೇ ನಿಂತಿತು. ಕಣ್ಣು ತೆರೆದು ನನ್ನನ್ನು ನೋಡಿದ. ಆ ನೋಟದಲ್ಲೇ ನನಗೆ ಎಲ್ಲ ತಿಳಿಯಿತು. ಒಂದು ವರ್ಷದಿಂದ ಚಹಾದಂಗಡಿಯ ಬೆಂಚಿನ ಮೇಲೆ ಅವನು ನನ್ನನ್ನು ತನ್ನ ಬಲಕ್ಕೇ ಕೂಡಿಸಿಕೊಳ್ಳುತ್ತಿದ್ದದ್ದು, ಎಡದಿಂದ ಕರೆದರೆ ಓಗೊಡದೆ ಇದ್ದದ್ದು, ಎಲ್ಲ.

ವೈರು ಅದಲುಬದಲಾಗಿದೆ, ತಪ್ಪು ನನ್ನದು ಎಂದಿದ್ದರೆ ಮುಗಿಯುತ್ತಿತ್ತು. ಯಾರೂ ಪ್ರಶ್ನೆ ಕೇಳುತ್ತಿರಲಿಲ್ಲ. ಆ ಮಾತು ನನ್ನ ಬಾಯಿಗೂ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನುಂಗಿಕೊಂಡೆ.

"ತಡೀರಿ ಸಾವ್ಕಾರ್ರ, ಇನ್ನೊಮ್ಮೆ ಹಚ್ಚತೇನಿ," ಎಂದೆ. "ಚಾಚಾ, ಕಣ್ಣ ಮುಚ್ಚು."

ಮುಚ್ಚಿದ. ಮುಚ್ಚದೆ ಏನು ಮಾಡಿಯಾನು? ಎರಡನೆಯ ಸಲ ಕೈ ಎತ್ತೆತ್ತಲೋ ಹೋಯಿತು. ಹಿಂದೆ ಸದ್ದಾದರೆ ಮುಂದೆ, ಎಡಕ್ಕಾದರೆ ಬಲಕ್ಕೆ. ಸಾವಕಾರ ಕುರ್ಚಿಯಲ್ಲೇ ತಿರುಗಿ ಕೂತು, ಬಾಯಿಗೆ ಬೆರಳಿಟ್ಟು ಎಲ್ಲರನ್ನೂ ಸುಮ್ಮನಾಗಿಸಿ, ಮೆಲ್ಲಗೆ ಎದ್ದು ಚಾಚಾನ ಎಡಕ್ಕೆ ಹೋಗಿ ಚಪ್ಪಾಳೆ ಹೊಡೆದ.

"ಇದು ಎಲ್ಲಿ?"

ಚಾಚಾ ಬಲಕ್ಕೆ ಕೈ ಎತ್ತಿದ.

"ಲೇ, ಕಿವುಡ ಐತೋ ಇದು!" ಅಲ್ಲಿಯತನಕ ಬರ್ರಿ, ಕೂಡ್ರಿ ಎನ್ನುತ್ತಿದ್ದ ನಾಲಿಗೆ ಅದು. "ಸಾಬಾ, ಕಣ್ಣ ತೆರೀಬ್ಯಾಡ. ಐದರಾಗ ಮೂರು ಬರೋಬರಿ ಹೇಳು, ಬಬಲೇಶ್ವರ ನಿಂದ."

ಅಲ್ಲೇ ಚೀಲ ಎತ್ತಿಕೊಂಡು ಇಳಿದು ಹೋಗಬೇಕಿತ್ತು. ಹೋಗಲಿಲ್ಲ ಚಾಚಾ. ಮೂವತ್ತೈದು ವರ್ಷ ತಪ್ಪದ ಕೈ ಇನ್ನು ಮೂರು ಸಲವಾದರೂ ಮಾತು ಕೇಳೀತು ಎಂದುಕೊಂಡನೋ ಏನೋ. ಕುತ್ತಿಗೆಯ ನರ ಬಿಗಿದು, ತಲೆಯನ್ನು ಕೋಳಿಯ ಹಾಗೆ ಅತ್ತಿತ್ತ ಹೊರಳಿಸುತ್ತ ನಿಂತ. ವ್ಯಾಪಾರಿಗಳು ಒಬ್ಬೊಬ್ಬರಾಗಿ ಎದ್ದು, ಬೆಕ್ಕಿನ ಹೆಜ್ಜೆಯಲ್ಲಿ ಮೂಲೆಮೂಲೆಗೆ ಹೋಗಿ ಚಪ್ಪಾಳೆ ಹೊಡೆದರು. ಒಂದು ಹೇಗೋ ಸರಿಹೋಯಿತು. ಆಗ ಎಲ್ಲರೂ ಹೋ ಎಂದು ಕೂಗಿದರು, ಅವನ ಮುಖದ ಮೇಲೆ ಒಂದು ನಗೆ ಬಂತು. ಆ ನಗೆಯನ್ನು ನೋಡಲಾಗಲಿಲ್ಲ. ರಾಜೇಶ್ವರಿ ತಾಟು ಇಟ್ಟು ಒಳಗೆ ಹೋದಳು. ಮುಂದಿನ ಮೂರೂ ತಪ್ಪಿದವು.

ಸಾವಕಾರ ನನಗೆ ಕಣ್ಣುಸನ್ನೆ ಮಾಡಿದ. ನಾನು ಕುರ್ಚಿಯಿಂದೆದ್ದು ಚಾಚಾನ ಎದುರಿಗೆ, ಒಂದು ಮೊಳ ದೂರವೂ ಇಲ್ಲದಷ್ಟು ಹತ್ತಿರ ಹೋಗಿ ನಿಂತೆ. ಅವನ ಉಸಿರು ನನ್ನ ಅಂಗಿಗೆ ತಾಗುತ್ತಿತ್ತು. ಚಪ್ಪಾಳೆ ಹೊಡೆದೆ. ಅವನು ಹಿಂದಿನ ಕಿಟಕಿಯ ಕಡೆಗೆ ಕೈ ತೋರಿಸಿದ. ಎಲ್ಲಕ್ಕಿಂತ ಹೆಚ್ಚು ನಕ್ಕದ್ದು ಅದಕ್ಕೇ. ನಾನೂ ನಕ್ಕೆ.

"ಬಬಲೇಶ್ವರದ್ದು ನೀನ ಮಾಡಿಬಿಡೋ ಮಾಳು," ಎಂದ ಸಾವಕಾರ, ಚಾಚಾನ ಮುಂದೆಯೇ.

ನಾನು ಹೂಂ ಎಂದೆ. ಕೆಳಗಿಳಿಯುವಾಗ ಮೇಲೆ ಸಿನಿಮಾ ಹಚ್ಚಿದ್ದರು. ಐದೂ ಬಾಕ್ಸುಗಳಿಂದ ಸದ್ದು ತೊಳೆದಿಟ್ಟಷ್ಟು ಸ್ವಚ್ಛವಾಗಿ ಬರುತ್ತಿತ್ತು.

ವಿಜಯಪುರದ ದಾರಿ ಹಿಡಿದು ಅರ್ಧ ದೂರ ಬಂದಿದ್ದೆವು. ರಸ್ತೆ ಉಬ್ಬಿಗೆ ಗಾಡಿ ನಿಧಾನ ಮಾಡಿದಾಗ ನಾನೇ ಬಾಯಿಬಿಟ್ಟೆ. "ಮನಸಿಗೆ ಹಚ್ಚಗೋಬ್ಯಾಡ ಚಾಚಾ. ಮಂದಿ ನಾಕ ದಿನ ನಗತಾರ, ಮರೀತಾರ."

ಅವನು ನನ್ನ ಹೆಗಲ ಹತ್ತಿರ ಬಾಗಿದ.

"ಸಾವ್ಕಾರನ ಕೈಯಾಗ ಉಂಗುರ ಐತಿ, ಅಂವ ಹೊಡದ್ರ ಟಕ್ ಅಂತೈತಿ. ಒಬ್ಬಾಂವಂದು ಎಣ್ಣಿ ಕೈ. ಕಡೀದ್ದು ನಿಂದು. ಹನ್ನೆರಡ ವರ್ಷ ಬಾಜೂಕ ಕುಂತೇನಿ, ನಿನ್ನ ಅಂಗೈ ಸಪ್ಪಳ ತಿಳೀದಷ್ಟು ಹಾಳಾಗಿಲ್ಲಲೇ ನಾ. ಎಲ್ಲಿ ನಿಂತಿದ್ದಿ ಅನ್ನೂದಷ್ಟ ತಿಳೀಲಿಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿ ತಿಳಿದುಕೊಳ್ಳುವ ಆಸೆ ಇತ್ತು. "ನೀ ಹತ್ರ ಇದ್ದಿ ಏನು?"

"ಇಲ್ಲ ಚಾಚಾ," ಎಂದೆ. "ದೂರ ಇದ್ನಿ."