ಕಿಟಕಿ ತೆಗೆಸುವ ಕುಶಲಾ

ಬಲ್ಮಠದ ಫ್ಲಾಟೊಂದರ ಮಲಗುವ ಕೋಣೆ. ಹೊರಗೆ ಆಗಷ್ಟೇ ಬೆಳಗಾಗುತ್ತಿದೆ. ಕುಶಲಾ ಬಾಗಿಲು ಮುಚ್ಚಿ, ದೀಪ ಆರಿಸಿ, ಕಿಟಕಿಗೆ ತಾನೇ ಕೂರಿಸಿದ ಸೊಳ್ಳೆ ಬಲೆಯ ಅಂಚನ್ನೇ ದಿಟ್ಟಿಸುತ್ತಾರೆ. ಕೆಳಗಿನ ಮೂಲೆಯಲ್ಲಿ ಚೌಕಟ್ಟಿಗೂ ಗೋಡೆಗೂ ನಡುವೆ ದಾರದಷ್ಟು ಬೆಳಕು ನುಸುಳುತ್ತಿದೆ.

"ಇಲ್ಲೇ ಉಂಟು ನೋಡಿ ಅಮ್ಮ. ಗೋಡೆ ಸೊಟ್ಟ ಇದ್ದದ್ದು ನಾನು ನೋಡಲಿಲ್ಲ. ನನ್ನದೇ ತಪ್ಪು," ಎನ್ನುತ್ತಾರೆ ಮನೆಯೊಡತಿ ಗಿರಿಜಾರಿಗೆ.

ಗಿರಿಜಾರ ಪತಿ ಮಧ್ವರಾಜ ಭಟ್ಟರಿಗೆ ಎರಡು ಸಲ ಮಲೇರಿಯಾ ಬಂದಿತ್ತು. ಅಂದಿನಿಂದ ಈ ಕಿಟಕಿ ತೆರೆದಿರಲಿಲ್ಲ. ಹಗಲಿರುಳೂ ಎಸಿ, ಗೋಡೆಗೆ ಬೂಷ್ಟು, ಭಟ್ಟರಿಗೆ ಉಬ್ಬಸ. ಕೋಣೆಗೆ ಗಾಳಿ ಬೇಕೆಂದು ಡಾಕ್ಟರು ಹೇಳಿದ ಮೇಲೆ ಕುಶಲಾರಿಗೆ ಕರೆ ಹೋಯಿತು. ಬಲೆ ಹಾಕಿದ ಮೊದಲ ರಾತ್ರಿಯೇ ಸೊಳ್ಳೆ ಕಚ್ಚಿತು. ಭಟ್ಟರು ಕಿಟಕಿ ಮುಚ್ಚಿಬಿಟ್ಟರು. "ಬಲೆಯೂ ಬೇಡ, ಗಾಳಿಯೂ ಬೇಡ ಮಾರಾಯ್ತಿ" ಎಂದು ಹೆಂಡತಿಯ ಮೇಲೆ ರೇಗಿದರು.

ವಾಮಂಜೂರಿನ ಕುಶಲಾ ಮೊದಲು ಬೀಡಿ ಕಟ್ಟುತ್ತಿದ್ದವರು. ಹೊಗೆಸೊಪ್ಪಿನ ಧೂಳಿಗೆ ಕೆಮ್ಮು ಹತ್ತಿ, ಅದನ್ನು ಬಿಟ್ಟರು. ದುಬೈಯಿಂದ ಮರಳಿದ ತಮ್ಮ ರೋಷನ್ ಅಲ್ಯುಮಿನಿಯಂ ಕೆಲಸದ ಅಂಗಡಿ ತೆರೆದಾಗ ಅಲ್ಲಿ ಬಲೆ ಕತ್ತರಿಸಲು ಕುಳಿತರು.

"ಹಗಲು ಮನೆಯಲ್ಲಿ ಹೆಂಗಸರು ಮಾತ್ರ ಇರ್ತಾರೆ. ಗುರುತಿಲ್ಲದ ಗಂಡಸರು ಮಲಗುವ ಕೋಣೆಗೆ ಬಂದು ಅಳತೆ ತೆಗೆದರೆ ಅವರಿಗೆ ಒಂಥರಾ ಆಗ್ತದೆ. ನಾನೇ ಹೋಗ್ತೇನೆ ಅಂದೆ. ತಮ್ಮ ನಗಾಡಿದ."

ಈಗ ದಿನಕ್ಕೆ ನಾಲ್ಕೈದು ಕಿಟಕಿ. ಹೆಚ್ಚಿನವು ತುಕ್ಕು ಹಿಡಿದು ಅಂಟಿಕೊಂಡವು. ಮೊದಲು ಅವನ್ನು ತೆರೆಸಬೇಕು, ಬಲೆ ಆಮೇಲೆ.

ಕುಶಲಾ ಚೌಕಟ್ಟು ಕಳಚುತ್ತಾರೆ. ಗೋಡೆಯ ಸೊಟ್ಟಕ್ಕೆ ತಕ್ಕಂತೆ ಅದರ ಒಂದು ಬದಿ ಉಜ್ಜಿ, ಸಂದಿಗೆ ರಬ್ಬರ್ ಪಟ್ಟಿ ಒತ್ತಿ ಮತ್ತೆ ಕೂರಿಸುತ್ತಾರೆ. ಭಟ್ಟರು ಬಾಗಿಲಲ್ಲೇ ನಿಂತಿದ್ದಾರೆ.

"ಇವತ್ತೂ ಕಚ್ಚಿದರೆ ಎಂತ ಮಾಡುವುದು?"

"ಬಲೆ ನಾನೇ ಕಿತ್ತುಕೊಂಡು ಹೋಗ್ತೇನೆ ಭಟ್ರೇ. ಒಂದು ರಾತ್ರಿ ಕಿಟಕಿ ತೆಗೆದಿಡಿ."

ಭಟ್ಟರು ಒಳಗೆ ಬಂದು ರಬ್ಬರ್ ಪಟ್ಟಿಯನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ.

ಮರುದಿನ ಬೆಳಿಗ್ಗೆ ಕುಶಲಾ ಅಂಗಡಿಯಲ್ಲಿರುವಾಗ ಗಿರಿಜಾರ ಫೋನು ಬರುತ್ತದೆ. "ಸೊಳ್ಳೆ ಇಲ್ಲ ಕುಶಲಾ. ಎಸಿ ಹಾಕಲೇ ಇಲ್ಲ. ಗಾಳಿಗೆ ಚಳಿ ಆಗ್ತದೆ ಅಂತ ಇವರು ಹೊದಿಕೆ ಕೇಳಿದರು!"

ಕುಶಲಾ ಫೋನು ಇಟ್ಟು, ಬಜಪೆಯ ಮನೆಯೊಂದಕ್ಕೆ ಹೊರಟ ಚೌಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತತೊಡಗುತ್ತಾರೆ. ಮುಂದೆ ಎಂತ ಆಸೆ ಎಂದು ಕೇಳಿದರೆ ಕೈ ನಿಲ್ಲಿಸದೆಯೇ ಹೇಳುತ್ತಾರೆ:

"ಸ್ಕೂಟರ್ ಕಲಿಯಬೇಕು. ಇದನ್ನು ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರ್ ಎರಡು ಟಿಕೆಟ್ ಕೇಳ್ತಾನೆ. ಇದು ಲಗೇಜಲ್ಲ, ಒಬ್ಬರ ಮನೆಯ ಕಿಟಕಿ ಅಂತ ನಾನು ಹೇಳ್ತೇನೆ."