ಅಂಚೆಯಣ್ಣನ ತಿರುಗಾಟದ ವರ್ಷ

ನಮ್ಮ ಬೀದಿಯ ಅಂಚೆಯಣ್ಣನನ್ನು ನಾನು ಮೊದಲು ಕಂಡದ್ದು ನನ್ನ ಗಂಡ ತೀರಿಕೊಂಡ ಮರುತಿಂಗಳು. ನನಗೆ ಓದು ಅಷ್ಟಕ್ಕಷ್ಟೆ. ಬಂದ ಕಾಗದವನ್ನು ಅವರೇ ಬಾಗಿಲಲ್ಲಿ ನಿಂತು ಎರಡು ಸಲ ಓದಿ ಹೇಳಿದರು. ಮೂವತ್ತೊಂದು ವರ್ಷ ಊರೆಲ್ಲ ತಿರುಗಿದರೂ ಅವರು ಯಾರ ಮನೆಯಲ್ಲೂ ಕೂತವರಲ್ಲ. ಅವರ ತಂಗಿಗೆ ಅದೇ ಕೊರಗು. ನಿವೃತ್ತಿಯಾದ ಮೇಲೆ, ಒಂದು ವರ್ಷ ನೆಂಟರ, ಗೆಳೆಯರ ಮನೆಗಳಲ್ಲಿ ಇದ್ದು ಬರುತ್ತೇನೆಂದು ಹೊರಟರು. ಮೊದಲು ತಂಗಿಯ ಮನೆ. ಹಣ್ಣಿನ ಚೀಲವನ್ನು ಅವಳ ಕೈಗಿತ್ತವರೇ, ಅಭ್ಯಾಸಬಲದಿಂದ ತಿರುಗಿ ಗೇಟು ದಾಟಿಬಿಟ್ಟರಂತೆ.

"ಏನಣ್ಣಾ, ಸಹಿ ಬೇಡ್ವಾ?" ಎಂದು ಅವಳು ಕೂಗಿದಳಂತೆ.

ಅಲ್ಲಿ ಎರಡೇ ದಿನ ಇದ್ದರು. ಗೆಳೆಯನ ಮನೆಯಲ್ಲಿ ಒಂದು ವಾರ, ಚಿಕ್ಕಪ್ಪನ ಮನೆಯಲ್ಲಿ ತಿಂಗಳು ನಿಂತರು. ವರ್ಷದ ಕೊನೆಗೆ ಮತ್ತೆ ತಂಗಿಯ ಮನೆಗೆ ಹೊರಟಾಗ ನನ್ನನ್ನು ಕೇಳಿದರು:

"ಅಕ್ಕಾ, ಈ ಸಲ ಬೇಗ ಬರಲ್ಲ. ನನ್ನ ಹೂಕುಂಡಗಳನ್ನ ನಿಮ್ಮನೇಲಿ ಇಟ್ಕೋತೀರಾ?"